ಹಲಸಿನ ಮರದ ನೋಟಿಸು

ನಾನು ಲಾ ಕಾಲೇಜಿಗೆ ಕಾಲಿಡುವ ಮುಂಚೆಯೇ ಲಾಯರ್ ಆಗಿಬಿಟ್ಟಿದ್ದೆ. ಬಿ.ಎ. ಮುಗಿದು, ತುಮಕೂರಿನಲ್ಲೇ ಮೂರು ವರ್ಷದ ಎಲ್‌ಎಲ್‌ಬಿಗೆ ಸೀಟು ಸಿಕ್ಕಿತ್ತು. ತರಗತಿ ಶುರುವಾಗಲು ಇನ್ನೂ ಎರಡು ತಿಂಗಳಿತ್ತು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ನಮ್ಮಮ್ಮ ನಿಜಕ್ಕೂ ಹೊಲಿಸಿದಳು: ಮೂರು ಜೊತೆ ಬಿಳಿ ಚೂಡಿದಾರ್. ಅದರಲ್ಲಿ ಒಂದನ್ನು ಅಳತೆ ನೋಡಲೆಂದು ಹಾಕಿಕೊಂಡು, ಹಾಗೇ ಊಟಕ್ಕೆ ಕೂತು, ಬಸ್ಸಾರು ಚೆಲ್ಲಿಕೊಂಡೆ. ನನ್ನ ವಕೀಲಿ ವೃತ್ತಿಯ ಮೊದಲ ಕಲೆ ಹುರುಳಿಕಾಳಿನದು.

ಅಪ್ಪನ ತಯಾರಿ ಬೇರೆ ತರಹದ್ದು. ಅವರು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮಗಳಿಗೆ ಸೀಟು ಸಿಕ್ಕಿದ ಮಾರನೇ ದಿನದಿಂದಲೇ ಅವರ ಜೊತೆಯವರ ಅನುಮಾನಗಳೆಲ್ಲ ಸ್ಕೂಟರ್ ಹತ್ತಿ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬರತೊಡಗಿದವು. "ಪಕ್ಕದ ಮನೆಯೋರ ನಾಯಿ ರಾತ್ರಿ ಎಲ್ಲಾ ಬೊಗಳಿದ್ರೆ ಯಾವ್ ಸೆಕ್ಷನ್ ಅಂತ ಕೇಳವ್ನೆ ಒಬ್ಬ," ಎಂದು ಹೆಲ್ಮೆಟ್ ಬಿಚ್ಚುವ ಮುಂಚೆಯೇ ಕೇಳುತ್ತಿದ್ದರು. ನನಗೆ ಗೊತ್ತಿಲ್ಲ ಎನ್ನಲು ನಾಚಿಕೆ. "ಅದು ಸಂದರ್ಭದ ಮೇಲೆ ಹೋಗುತ್ತಪ್ಪ," ಎನ್ನುತ್ತಿದ್ದೆ. ಆ ಒಂದು ಮಾತಿನಲ್ಲಿ ಎರಡು ತಿಂಗಳು ನಡೆಸಿದೆ.

ಅಮ್ಮನ ತವರು ಗುಬ್ಬಿ. ಆಶೀರ್ವಾದ ತಗೊಂಡು ಬಾ ಎಂದು ಅಮ್ಮ ನನ್ನನ್ನು ಅಲ್ಲಿಗೆ ಕಳಿಸಿದಳು. ಅಜ್ಜಿ ತಲೆ ಮೇಲೆ ಕೈಯಿಟ್ಟು, "ಲಾಯರ್ರು ಅಂದ್ರೆ ಸುಳ್ಳು ಹೇಳ್ಬೇಕಂತಲ್ಲವ್ವ," ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ತಾನೇ ಸಮಾಧಾನ ಹೇಳಿದಳು: "ಬುಡು, ನಿನಗದು ಕಷ್ಟ ಆಗಕಿಲ್ಲ."

ನಿಜವಾದ ತಯಾರಿ ಮಾಡಿಸಿದವರು ನಮ್ಮ ಪಕ್ಕದ ಮನೆಯ ತಾತ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು, ಅಂದರೆ ಕೋರ್ಟಿನ ಕಾಗದಪತ್ರಗಳನ್ನೆಲ್ಲ ನೋಡಿಕೊಂಡವರು. ಮನೆಯಲ್ಲೂ ಕೆಂಪು ಪೆನ್ನನ್ನು ಜೇಬಿನಿಂದ ಇಳಿಸಿರಲಿಲ್ಲ. "ಪುಸ್ತಕ ಆಮೇಲೆ ಓದೀಯಂತೆ. ದಿನಕ್ಕೊಂದು ನೋಟಿಸ್ ಬರಿ. ಮನೇಲಿ ಏನ್ ತಕರಾರಿದೆಯೋ ಅದರ ಮೇಲೆ ಬರಿ," ಎಂದರು. ಹಾಗಾಗಿ ಹಾಲಿಗೆ ನೀರು ಬೆರೆಸುವವನ ಮೇಲೆ ಬರೆದೆ, ನನ್ನ ಕೊಡೆ ಕೊಂಡೊಯ್ದು ವಾಪಸ್ ಕೊಡದ ಗೆಳತಿಯ ಮೇಲೆ ಬರೆದೆ, ಉಪ್ಪು ಕಮ್ಮಿ ಹಾಕಿದ್ದಕ್ಕೆ ಅಮ್ಮನ ಮೇಲೂ ಒಂದು ಬರೆದೆ. ತಾತ ಎಲ್ಲವನ್ನೂ ತಿದ್ದಿ, ಕೊನೆಗೆ ಒಂದು ಮಾತು ಹೇಳಿದರು: "ಜಮೀನಿಂದು ಒಂದೂ ಬರ್ದಿಲ್ಲ ನೀನು. ಈ ಕಡೆ ಲಾಯರ್‌ಗೆ ಜಮೀನಿಂದು ಬರೀದೇ ಇದ್ರೆ ಅನ್ನ ಹುಟ್ಟಲ್ಲ."

ಜಮೀನಿನ ತಕರಾರು ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ. ಅಪ್ಪನ ಊರು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ. ಅಲ್ಲಿ ದೊಡ್ಡಪ್ಪ ಗದ್ದೆ, ತೆಂಗು ನೋಡಿಕೊಂಡಿದ್ದಾರೆ. ಅಣ್ಣ ತಮ್ಮಂದಿರಿಗೆ ಭಾಗವಾದಾಗ ಇಬ್ಬರ ಜಮೀನಿನ ನಡುವಿನ ಬದುವಿನ ಮೇಲೆ ಒಂದು ಹಲಸಿನ ಮರ ಉಳಿಯಿತು. ಅಪ್ಪ ಹುಟ್ಟಿದ ವರ್ಷ ಅವರವ್ವ ನೆಟ್ಟ ಮರ. ಅದನ್ನು ಯಾರೂ ಭಾಗ ಮಾಡಲಿಲ್ಲ. ಪ್ರತಿ ವರ್ಷ ಮೊದಲ ಹಣ್ಣನ್ನು ದೊಡ್ಡಪ್ಪ ಗೋಣಿಚೀಲದಲ್ಲಿ ಕಟ್ಟಿ ತುಮಕೂರಿನ ಬಸ್ಸಿಗೆ ಹಾಕುತ್ತಿದ್ದರು. ಅಪ್ಪ ಬಸ್‌ಸ್ಟ್ಯಾಂಡಿಗೆ ಹೋಗಿ, ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಚಿಕ್ಕ ಮಗುವನ್ನು ಕರೆತರುವ ಹಾಗೆ ತರುತ್ತಿದ್ದರು. ಹಸಿದು ಹಲಸು, ಉಂಡು ಮಾವು ಎಂಬ ಗಾದೆಯನ್ನು ನೆನಪಿಸಿ, ಅವತ್ತು ನಮಗೆ ಬೆಳಗಿನ ತಿಂಡಿಯನ್ನೂ ಕೊಡಿಸುತ್ತಿರಲಿಲ್ಲ.

ಆ ವರ್ಷ ಹಣ್ಣು ಬರಲಿಲ್ಲ. "ಮರ್ತಿರ್ತಾನೆ," ಎಂದರು ಅಪ್ಪ ಮೊದಲ ವಾರ. "ಕೆಲಸ ಜಾಸ್ತಿ ಇರ್ಬೇಕು," ಎಂದರು ಎರಡನೇ ವಾರ. ಮೂರನೇ ವಾರಕ್ಕೆ, ಪ್ರತಿ ಭಾನುವಾರ ಅಣ್ಣನಿಗೆ ಮಾಡುತ್ತಿದ್ದ ಫೋನು ನಿಂತಿತು. ಅಮ್ಮ ಮಾರ್ಕೆಟ್ಟಿನಿಂದ ಒಂದಿಷ್ಟು ತೊಳೆ ತಂದಿಟ್ಟರೆ ತಟ್ಟೆಯನ್ನು ದೂರ ತಳ್ಳಿದರು. ಐವತ್ತು ದಾಟಿದ ಗಂಡಸು ಹಲಸಿನ ಹಣ್ಣಿಗೆ ಮುನಿಸಿಕೊಂಡು ಕೂತಿದ್ದರೆ ನಗು ಬರುವುದು ಸಹಜ, ನಾನೂ ನಕ್ಕಿದ್ದೇನೆ. ಆದರೆ ದೊಡ್ಡಪ್ಪನ ಮೇಲೆ ನನಗೂ ಒಳಗೊಳಗೇ ಕೋಪ ಇತ್ತು. ಒಂದು ಹಣ್ಣು ಕಳಿಸಲು ಏನು ಕಷ್ಟ?

ಆ ಕೋಪವನ್ನೆಲ್ಲ ನೋಟಿಸಿಗೆ ಸುರಿದೆ. ಅಪ್ಪನ ಹೆಸರಿನಲ್ಲಿ ದೊಡ್ಡಪ್ಪನಿಗೆ: "ಸದರಿ ಹಲಸಿನ ಮರದ ಫಲದಲ್ಲಿ ನನಗಿರುವ ಅರ್ಧ ಹಕ್ಕನ್ನು ತಾವು ಉದ್ದೇಶಪೂರ್ವಕವಾಗಿ ತಡೆಹಿಡಿದಿದ್ದು, ಈ ನೋಟಿಸು ತಲುಪಿದ ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ..." ತಪ್ಪಿದಲ್ಲಿ ಆಗುವ ಅನಾಹುತಗಳಿಗೇ ಅರ್ಧ ಪುಟ ಬೇಕಾಯಿತು. ತಾತ ಓದಿ ತಲೆಯಾಡಿಸಿದರು. "ಚಕ್ಕುಬಂದಿ ಎಲ್ಲಿ? ನಾಲ್ಕೂ ದಿಕ್ಕಿಗೆ ಏನಿದೆ ಅಂತ ಬರೀದೇ ಇದ್ರೆ ಅದು ಅಡ್ರೆಸ್ ಇಲ್ಲದ ಮದುವೆ ಕಾಗದ." ನಾನು ಕಣ್ಣು ಮುಚ್ಚಿ ನೆನಪಿಸಿಕೊಂಡು, ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ರಸ್ತೆ ಎಂದು ಸೇರಿಸಿದೆ. ಅಭ್ಯಾಸ ಪೂರ್ತಿಯಾಗಲಿ ಎಂದು ತಾತ ಒಂದು ಎ.ಡಿ. ಕಾರ್ಡನ್ನೂ ಕೊಟ್ಟರು. ಕಾಗದ ತಲುಪಿದ್ದಕ್ಕೆ ಸಾಕ್ಷಿಯಾಗಿ ಪಡೆದವರ ಸಹಿ ಹೊತ್ತು ವಾಪಸ್ ಬರುವ ಕಾರ್ಡು ಅದು. ಅದನ್ನೂ ತುಂಬಿ, ಲಕೋಟೆಗೆ ಅಂಟಿಸಿ, ಮೇಲೆ ರಿಜಿಸ್ಟರ್ಡ್ ಎಂದು ಬರೆದು, ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಟಿವಿ ಪಕ್ಕ ಒರಗಿಸಿಟ್ಟೆ.

ಎಂಟು ದಿನ ಕಳೆದ ಮೇಲೆ ಪೋಸ್ಟ್‌ಮ್ಯಾನ್ ಒಂದು ಕಾರ್ಡು ಕೊಟ್ಟು ಹೋದ. ನನ್ನದೇ ಅಕ್ಷರ. ಕೆಳಗೆ, ಗದ್ದೆ ಕೆಲಸದ ಕೈಯ ದಪ್ಪ ಅಕ್ಷರದಲ್ಲಿ, ದೊಡ್ಡಪ್ಪನ ಸಹಿ.

ಟಿವಿ ಪಕ್ಕ ನೋಡಿದೆ. ಲಕೋಟೆ ಇರಲಿಲ್ಲ.

"ಅದಾ? ನಾನೇ ಪೋಸ್ಟ್ ಮಾಡ್ದೆ ಕಣೇ," ಎಂದಳು ಅಮ್ಮ, ಸೊಪ್ಪು ಬಿಡಿಸುತ್ತಾ. "ನಿಮ್ ದೊಡ್ಡಪ್ಪನ ಅಡ್ರೆಸ್ ಇತ್ತು. ಅಡ್ಮಿಷನ್‌ಗೆ ಊರಿಂದ ಏನೋ ಕಾಗದ ಬೇಕಂತ ತರ್ಸ್ಕೊತಿದೀಯ ಅಂದ್ಕೊಂಡೆ. ನಿನಗೆ ಮರೆವು ಅಂತ ನಾನೇ ಹೋಗಿದ್ದು." ಒಳಗೆ ಏನಿತ್ತೆಂದು ಹೇಳಿದಾಗ ಅವಳ ಕೈಯಲ್ಲಿದ್ದ ದಂಟು ಹಾಗೇ ನಿಂತಿತು. "ಅಯ್ಯೋ ನಿನ್ ಲಾಯರ್‌ಗಿರಿಗೆ ಬೆಂಕಿ ಬೀಳ! ಆ ಅಣ್ಣ ತಮ್ಮ ಇನ್ನ ಈ ಜನ್ಮದಲ್ಲಿ ಮಾತಾಡ್ತಾರಾ?"

ಮೊದಲೇ ಫೋನು ನಿಂತಿರುವ ಮನೆ. ಅದರ ಮೇಲೆ ತಮ್ಮನೇ ನೋಟಿಸು ಕಳಿಸಿದ ಎಂದು ದೊಡ್ಡಪ್ಪ ನಂಬಿದರೆ ಮುಗಿದೇ ಹೋಯಿತು. ಇನ್ನೊಂದು ವಿಷಯವೂ ನೆನಪಾಗಿ ಇನ್ನಷ್ಟು ಸಂಕಟವಾಯಿತು. ನನಗೆ ಅಕ್ಷರಾಭ್ಯಾಸ ಮಾಡಿಸಿದವರು ದೊಡ್ಡಪ್ಪ. ತಟ್ಟೆಯಲ್ಲಿ ಅಕ್ಕಿ ಹರಡಿ, ತೊಡೆಯ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು ಮೊದಲ ಅಕ್ಷರ ಬರೆಸಿದ್ದು ಅವರ ಕೈ. ಆ ಕೈಗೇ ನಾನು ರಿಜಿಸ್ಟರ್ಡ್ ಪೋಸ್ಟ್ ಕೊಡಿಸಿದ್ದೆ.

ಅಪ್ಪನಿಗೆ ಗೆಳತಿಯ ಮನೆಗೆ ಎಂದು ಹೇಳಿ (ಅಜ್ಜಿ ಸುಮ್ಮನೆ ಹೇಳಿರಲಿಲ್ಲ) ಮಾರನೇ ದಿನ ಬೆಳಗ್ಗೆ ಕುಣಿಗಲ್ ಬಸ್ ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡೆ. ಜಗಲಿಯ ಮೇಲೆ ಕೂತಿದ್ದ ದೊಡ್ಡಪ್ಪನನ್ನು ಕಂಡ ಕೂಡಲೇ ಎಲ್ಲವೂ ಮರೆತುಹೋಯಿತು.

"ಬಾರವ್ವ ಲಾಯರಮ್ಮ," ಎಂದರು. "ಹದಿನೈದು ದಿನ ಟೈಮ್ ಕೊಟ್ಟಿದೀಯ. ವಾರಕ್ಕೇ ಬಂದ್ಬುಟ್ಟಲ್ಲ, ಇದ್ ಯಾವ್ ನ್ಯಾಯ?"

"ದೊಡ್ಡಪ್ಪ, ಅದು ಅಪ್ಪ ಕಳ್ಸಿದ್ದಲ್ಲ. ನಾನು ಸುಮ್ನೆ ಪ್ರಾಕ್ಟೀಸ್‌ಗೆ..." ಅಷ್ಟಕ್ಕೇ ಅಳು ಬಂತು.

"ಗೊತ್ತು ಕಣವ್ವ. ಸಹಿ ಜಾಗ ಖಾಲಿ ಬುಟ್ಟಿದೀಯ. ನನ್ ತಮ್ಮ ಕೋಪದಲ್ಲಿ ಸಹಿ ಹಾಕ್ದೆ ಇರೋನಾ? ಅಲ್ದೆ ಈ ಅಕ್ಷರ ಯಾರ್ದು ಅಂತ ನಂಗೆ ತಿಳಿಯಕಿಲ್ವಾ? ಅಕ್ಕಿ ಮೇಲೆ ಬರ್ಸಿದ್ದು ನಾನು." ಜೇಬಿನಿಂದ ಕನ್ನಡಕ ತೆಗೆದರು, ನೋಟಿಸನ್ನೂ ತೆಗೆದರು. "ಪೂರ್ವಕ್ಕೆ ಕಾಲುವೆ ಅಂತ ಬರ್ದಿದೀಯ. ಸೂರ್ಯ ಹುಟ್ಟೋ ದಿಕ್ಕು ಗೊತ್ತೇನವ್ವ ನಿಂಗೆ? ಏಳು ಮೇಲೆ. ಜಮೀನ್ ನೋಡ್ದೆ ಜಮೀನಿನ ಲಾಯರ್ ಆಯ್ತಾಳಂತೆ."

ಅವರ ಹಿಂದೆಯೇ ನಡೆದೆ. ಕಾಲುವೆ ಪಶ್ಚಿಮಕ್ಕಿತ್ತು. ರಸ್ತೆ ಉತ್ತರಕ್ಕಿತ್ತು. ನನ್ನ ಚಕ್ಕುಬಂದಿಯಲ್ಲಿ ಸರಿಯಿದ್ದದ್ದು ದೊಡ್ಡಪ್ಪನ ಹೆಸರೊಂದೇ. ಬದು ತಿರುಗಿದಾಗ ನಿಂತೆ.

ಹಲಸಿನ ಮರ ಮಲಗಿತ್ತು. ಬೇರು ಸಮೇತ ಎದ್ದು, ದೊಡ್ಡಪ್ಪನ ಗದ್ದೆಯ ಮೇಲೆ ಅಡ್ಡಲಾಗಿ ಬಿದ್ದಿತ್ತು. ಎಲೆಯೆಲ್ಲ ಒಣಗಿ ಉದುರಿತ್ತು. ಕೊಂಬೆಗಳ ನಡುವೆ, ಬಲಿಯದೆಯೇ ಕಪ್ಪಾದ ಕಾಯಿಗಳು ಹಾಗೇ ಅಂಟಿಕೊಂಡಿದ್ದವು. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಬಿದ್ದದ್ದಂತೆ. ಸುತ್ತಲೂ ಉತ್ತು ನಾಟಿ ಮಾಡಿದ್ದರು, ಮರ ಬಿದ್ದಷ್ಟು ಜಾಗವನ್ನು ಮಾತ್ರ ಹಾಗೇ ಬಿಟ್ಟಿದ್ದರು.

"ಅಪ್ಪನಿಗೆ ಯಾಕೆ ಹೇಳ್ಲಿಲ್ಲ ದೊಡ್ಡಪ್ಪ?"

ಅವರು ಬೊಡ್ಡೆಯ ಮೇಲೆ ಕೈಯಿಟ್ಟು ನಿಂತರು. ತಮಾಷೆಯ ದನಿ ಹೋಗಿತ್ತು. "ಅವ್ವ ಹೋದಾಗ ಅವ್ನಿಗೆ ಫೋನ್ ಮಾಡಿ ಹೇಳ್ದೋನು ನಾನೇ. ಆ ಕಡೆಯಿಂದ ಅವ್ನು ಕೂಗ್ಕೊಂಡಿದ್ದು ಇನ್ನೂ ಕಿವೀಲಿ ಅದೆ. ಇದೂ ಅವ್ವಂದೇ ಅಲ್ವಾ? ಇನ್ನೊಂದ್ ಸಲ ಅಂಥ ಫೋನು ನನ್ ಕೈಲಿ ಆಗಕಿಲ್ಲ." ಒಣಗಿದ ತೊಗಟೆಯ ಚೂರೊಂದನ್ನು ಕಿತ್ತು ಹೇಳಿದರು: "ಮರದ ಯಾಪಾರದೋರು ಬಂದು ಕೇಳಿದ್ರು. ತಮ್ಮ ನೋಡ್ಲಿ, ಆಮೇಲೆ ಕುಯ್ಯುವ ಅಂದೆ. ಅವ್ನು ಬರ್ನಿಲ್ಲ. ನಾನೂ ಕರೀನಿಲ್ಲ."

ಹಣ್ಣು ಯಾಕೆ ಕಳಿಸಲಿಲ್ಲ ಎಂದು ನಾವು ಮೂರು ಜನ ಎಷ್ಟೆಲ್ಲ ಯೋಚಿಸಿದ್ದೆವು, ಮರ ಇದೆಯೇ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ನನ್ನ 'ಉದ್ದೇಶಪೂರ್ವಕವಾಗಿ' ಎಂಬ ಪದ ನೆನಪಾಗಿ ನಾಚಿಕೆಯಾಯಿತು.

ಜಗಲಿಗೆ ವಾಪಸ್ ಬಂದ ಮೇಲೆ ದೊಡ್ಡಮ್ಮ ಊಟಕ್ಕಿಟ್ಟರು. ಉಂಡು ಕೈ ತೊಳೆದ ದೊಡ್ಡಪ್ಪ ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟರು. "ನೋಟಿಸ್‌ಗೆ ಉತ್ತರ ಕೊಡ್ಬೇಕಲ್ಲ. ನನ್ ಕಡೆ ಲಾಯರ್ರೂ ನೀನೇ. ಬರಿ."

"ಒಬ್ಬರೇ ಎರಡೂ ಕಡೆ ಲಾಯರ್ ಆಗೋ ಹಾಗಿಲ್ಲ ದೊಡ್ಡಪ್ಪ."

"ಕಾಲೇಜ್ ಶುರು ಆದ್ಮೇಲೆ ತಾನೆ ಆ ರೂಲ್ಸು? ಈಗ ಬರಿ."

ಬರೆದೆ. 'ಸದರಿ ಮರವು ಪ್ರಕೃತಿ ವಿಕೋಪದಿಂದ' ಎಂದು ಶುರು ಮಾಡಿದ್ದನ್ನು ಹೊಡೆದು ಹಾಕಿಸಿದರು. ಅವರು ಹೇಳಿದ್ದನ್ನೇ ಬರೆದೆ. ಚಕ್ಕುಬಂದಿಯನ್ನು ಮಾತ್ರ ಈ ಸಲ ನಾಲ್ಕೂ ದಿಕ್ಕಿಗೆ ಸರಿಯಾಗಿ ಬರೆದೆ. ಕೆಳಗೆ ಅವರು ಸಹಿ ಹಾಕಿದರು. ವಾಪಸ್ ಬರುವಾಗ ಕುಣಿಗಲ್ಲಿನಲ್ಲಿ ಇಳಿದು ರಿಜಿಸ್ಟರ್ ಮಾಡಿಸಿದೆ. ಕೈಯಲ್ಲೇ ಕೊಟ್ಟರೆ ಆಗುವುದಿಲ್ಲವೇ ಎಂದು ಕೇಳಿದ್ದೆ. "ಬ್ಯಾಡ. ನನಗೆ ಹೆಂಗೆ ಬಂತೋ ಅವ್ನಿಗೂ ಹಂಗೇ ಹೋಗ್ಲಿ," ಎಂದಿದ್ದರು.

ಅದು ಬಂದದ್ದು ಅಪ್ಪನಿಗೆ ಮಧ್ಯಾಹ್ನದ ಪಾಳಿಯಿದ್ದ ದಿನ. ಗೇಟಿನ ಹತ್ತಿರ ಸ್ಕೂಟರ್ ಒರೆಸುತ್ತಿದ್ದ ಅಪ್ಪ, ಕಾರ್ಡಿಗೆ ಸಹಿ ಹಾಕಿ, ಅಲ್ಲೇ ಲಕೋಟೆ ಒಡೆದರು. ಅಮ್ಮ ಮತ್ತು ನಾನು ಬಾಗಿಲಲ್ಲಿ ನಿಂತಿದ್ದೆವು. ಅವರು ನಿಧಾನವಾಗಿ ಓದಿದರು. ಕೊನೆಯ ಸಾಲಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು: "ಎರಡು ತಿಂಗಳಿಂದ ಅವ್ವನ ಮರ ಗದ್ದೆಯಲ್ಲೇ ಇದೆ. ನೀನು ಬಂದು ನೋಡುವ ತನಕ ಗರಗಸ ಹಾಕಿಸುವುದಿಲ್ಲ."

ಅಪ್ಪ ಸ್ಕೂಟರಿನ ಮೇಲೆ ಪಕ್ಕಕ್ಕೆ ಕೂತರು. ನಾನು ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ನನ್ನ ನೋಟಿಸು, ಅಮ್ಮನ ಪೋಸ್ಟು, ಗೆಳತಿಯ ಮನೆಯ ಸುಳ್ಳು. ಬೈಯಲಿಲ್ಲ. ಕೇಳಿಸಿಕೊಂಡರೋ ಇಲ್ಲವೋ ಅದೂ ತಿಳಿಯಲಿಲ್ಲ. ಮೊಬೈಲ್ ತೆಗೆದು ಅಣ್ಣನ ನಂಬರ್ ಒತ್ತಿದರು.

"ಅಣ್ಣಾ... ಕಾಗ್ದ ಬಂತು," ಎಂದರು. ಅಷ್ಟೇ. ಮುಂದಿನ ಮಾತಿಗೆ ಬಾಯಿ ತೆಗೆದರು, ದನಿ ಬರಲಿಲ್ಲ. ತುಟಿ ಕಚ್ಚಿಕೊಂಡು ಮುಖ ಆ ಕಡೆ ತಿರುಗಿಸಿ, ಫೋನನ್ನು ನನ್ನ ಕೈಗೆ ಕೊಟ್ಟರು.

ಕಿವಿಗಿಟ್ಟುಕೊಂಡೆ. ಆ ಕಡೆಯೂ ಮಾತಿರಲಿಲ್ಲ. ಮೂಗು ಎಳೆದುಕೊಳ್ಳುವ ಸದ್ದು ಮಾತ್ರ ಕೇಳಿಸುತ್ತಿತ್ತು. ನನ್ನ ಇಬ್ಬರು ಕಕ್ಷಿದಾರರೂ ಹೀಗೆ ಬಾಯಿ ಕಟ್ಟಿ ಕೂತರೆ ಇನ್ನು ಯಾರು ಮಾತಾಡಬೇಕು?

"ದೊಡ್ಡಪ್ಪ, ಭಾನುವಾರ ಅಪ್ಪನ್ನ ಕರ್ಕೊಂಡ್ ಬರ್ತೀನಿ," ಎಂದೆ. "ಅಲ್ಲಿವರ್ಗೂ ಮರ ಮುಟ್ಬೇಡಿ."