ರಾಶಿಯ ತಳದ ಒಂದು ಮೊಳ

"ರಾಶಿಯ ತಳದ ಒಂದು ಮೊಳ ಕಲ್ಲಿದ್ದಲಲ್ಲ ಮೇಡಂ, ಬರೀ ಮಣ್ಣು" ಅಂತ ನನಗೆ ಮೊದಲು ಹೇಳಿದ್ದು ಕಲ್ಲಿದ್ದಲು ಯಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಮುರುಗಣ್ಣ. ಆಗ ನಾನು ಶಿವಮೊಗ್ಗದಿಂದ ದಿನಾ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದೆ, ಸ್ಟೋರ್ಸ್ ಕೆಲಸಕ್ಕೆ.

ಒಮ್ಮೆ ನಮ್ಮ ಕಲ್ಲಿದ್ದಲು ತರುತ್ತಿದ್ದ ಹಡಗು ಮೊದಲು ಗೋವಾದಲ್ಲಿ ಸರಕು ಇಳಿಸಿ, ಆಮೇಲೆ ಮಂಗಳೂರಿಗೆ ಬಂದು, ಕಲ್ಲಿದ್ದಲು ನಮಗೆ ತಲುಪಲು ಹತ್ತು ದಿನ ಬೇಕಿತ್ತು. ರಿಜಿಸ್ಟರ್ ಪ್ರಕಾರ ಹನ್ನೆರಡು ದಿನಕ್ಕಾಗುವಷ್ಟು ದಾಸ್ತಾನಿತ್ತು. "ಮಣ್ಣು ಕಳೆದರೆ ಎಂಟೇ ದಿನ ಸಾರ್, ಬಾಯ್ಲರ್ ನಿಲ್ಲುತ್ತೆ. ಹಡಗು ಮೊದಲು ಮಂಗಳೂರಿಗೇ ಬರಲಿ" ಎಂದೆ ನಮ್ಮ ಮ್ಯಾನೇಜರ್ ಸಾಹೇಬರಿಗೆ.

"ಸಮುದ್ರವನ್ನೇ ನೋಡದವರು ಹಡಗು ತಿರುಗಿಸ್ತೀರೇನಮ್ಮ?" ಎಂದರು ಸಾಹೇಬರು.

"ರಾಶಿ ನೋಡಿದೀನಿ ಸಾರ್."

ಗೊಣಗುತ್ತಲೇ ಹಡಗಿನ ಏಜೆಂಟರಿಗೆ ಫೋನ್ ಮಾಡಿ, ಮೊದಲು ಮಂಗಳೂರಿಗೆ ತರಿಸಿದರು. ಏಳನೇ ದಿನ ಕಲ್ಲಿದ್ದಲಿನ ಲಾರಿಗಳು ಬಂದವು. ಎಂಟನೇ ದಿನ ಹಳೇ ರಾಶಿಯಲ್ಲಿ ಮಣ್ಣು ಕಂಡಿತು. ಬಾಯ್ಲರ್ ನಿಲ್ಲಲಿಲ್ಲ.

ಆಮೇಲೆ ಸಾಹೇಬರು ಹೊಸಬರಿಗೆಲ್ಲ ರಾಶಿಯ ತಳದ ಈ ಮಾತನ್ನು ತಮ್ಮದೇ ಅನುಭವ ಅಂತ ಹೇಳತೊಡಗಿದರು. ನೀವು ಇನ್ನೊಬ್ಬರಿಗೆ ಹೇಳುವಾಗ ದಯವಿಟ್ಟು ಮುರುಗಣ್ಣನ ಹೆಸರಲ್ಲೇ ಹೇಳಿ.