ಮಕ್ಕಳ ಡಾಕ್ಟರ್ ಮತ್ತು ನಮ್ಮ ಅತ್ತೆ

ವಾಡಿಯಲ್ಲಿ ಕೆಮ್ಮದ ಮಗು ಕಂಡರೆ ಅದು ಯಾರದೋ ಮನೆಗೆ ನೆಂಟರಾಗಿ ಬಂದ ಮಗು ಎಂದೇ ನಾವು ತಿಳಿಯುತ್ತೇವೆ. ಒಣಹಾಕಿದ ಬಟ್ಟೆಯ ಸಿಮೆಂಟ್ ಧೂಳು ಕೊಡವಿದ ಮೇಲೇ ಮಡಚುವ ಊರು ಇದು. ನಾಲ್ಕು ವರ್ಷದ ನನ್ನ ಮಗಳಿಗೆ ನೆಗಡಿಯಾದಾಗಲೆಲ್ಲ ಒಂದೊಂದು ಸಿರಪ್ ಬಂದು, ಫ್ರಿಜ್ಜಿನ ಬಾಗಿಲಲ್ಲಿ ಬೇರೆ ಏನೂ ಇಡಲು ಜಾಗವಿರಲಿಲ್ಲ.

ನಮ್ಮ ಮನೆಯವರು ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಾರೆ. ಮಕ್ಕಳನ್ನು ಬೆಳೆಸುವುದು ಹೇಗೆಂದು ಫೋನಿನಲ್ಲಿ ಓದುವುದು ಅವರ ಹವ್ಯಾಸ. ಮಕ್ಕಳು ಒಬ್ಬರೇ ಮಲಗಿದರೆ ಧೈರ್ಯ ಬರುತ್ತದೆ ಎಂಬ ಸುದ್ದಿ ಓದಿ ಹಾಲ್‌ನಲ್ಲಿ ಮಗಳಿಗೊಂದು ಸಣ್ಣ ಮಂಚ ಹಾಕಿಸಿದರು. ಈಗ ಅದರ ಮೇಲೆ ಕಾಲು ಮಡಚಿಕೊಂಡು ಅವರೇ ಮಲಗುತ್ತಾರೆ. ಧೈರ್ಯ ಎಷ್ಟು ಬಂದಿದೆಯೋ ಕೇಳಿಲ್ಲ.

ಒಂದು ಸಂಜೆ ಡ್ಯೂಟಿಯಿಂದ ಬಂದವರು ಬೂಟು ಕೂಡ ಬಿಚ್ಚದೆ ಫ್ರಿಜ್ ತೆರೆದರು. ಎಲ್ಲೋ ಮಕ್ಕಳ ಕೆಮ್ಮಿನ ಸಿರಪ್ಪಿನಲ್ಲಿ ವಿಷ ಸಿಕ್ಕಿದೆ ಎಂಬ ಸುದ್ದಿ ಬಂದಿತ್ತು. ಓದಿ ನನಗೂ ಹೆದರಿಕೆಯಾಯಿತು. ಆದರೂ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು.

"ಯಾವ ಔಷಧ ಅಂತ ಹೆಸರು ಬರ್ದಿರ್ತಾರ, ಅದನ್ನರ ನೋಡ್ರಿ," ಎಂದೆ.

"ನೋಡೋದೇನದ. ಎಲ್ಲಾ ಚೆಲ್ಲಿದ್ರ ಕೆಲಸ ಮುಗೀತು," ಎನ್ನುತ್ತಾ ಬಾಟಲಿಗಳನ್ನು ಒಂದೊಂದಾಗಿ ಬಚ್ಚಲಲ್ಲಿ ಸುರಿದರು.

ಅತ್ತೆ ಬಚ್ಚಲ ಬಾಗಿಲಿಗೆ ಬಂದು ನಿಂತಿದ್ದರು. "ಆ ಕೆಂಪು ಔಷಧ ಛಲೋ ಅದನೋ. ಅದೊಂದು ಇರ್ಲಿ," ಎಂದರು.

"ಯಾವ್ದೂ ಬ್ಯಾಡವ್ವಾ. ಎಲ್ಲಾ ಕಡೆ ಅದೇ ತೋರಿಸ್ಲಿಕತ್ತಾರ."

ಅತ್ತೆ ಮುಖ ಸಣ್ಣದು ಮಾಡಿಕೊಂಡು ಹೋದರು. ಮೊಮ್ಮಗಳ ಚಿಂತೆ ಎಂದುಕೊಂಡೆ.

ಅದಾದ ವಾರದೊಳಗೆ ಮನೆಯಲ್ಲಿ ಕೆಮ್ಮು ಶುರುವಾಯಿತು. ಮಗಳದಲ್ಲ, ಅತ್ತೆಯದು. ರೊಟ್ಟಿ ಬಡಿಯುವಾಗ, ಧಾರಾವಾಹಿ ನೋಡುವಾಗ, ಪಕ್ಕದ ಮನೆಯವರ ಸುದ್ದಿ ಹೇಳುವಾಗ ಒಣ ಕೆಮ್ಮು.

"ಅತ್ತಿ, ಇಷ್ಟು ದಿನ ಇರಲಾರದ ಕೆಮ್ಮ ಈಗೆಲ್ಲಿಂದ ಬಂತ್ರಿ?"

"ಭಾಳ ದಿನದಿಂದ ಅದನವ್ವಾ. ಮಲಗೋ ಮುಂದ ಕೂಸಿಂದೇ ಔಷಧ ಎರಡು ಮುಚ್ಚಳ ಕುಡೀತಿದ್ದೆ. ನಿದ್ದಿನೂ ಛಂದ ಬರ್ತಿತ್ತು."

ಸಿರಪ್ ಬೇಗ ಮುಗಿಯುತ್ತದೆ, ಅಳತೆ ನೋಡದೆ ಕುಡಿಸುತ್ತೀರಿ ಎಂದು ನಾನು ಗಂಡನ ಜೊತೆ ಎರಡು ದಿನ ಮಾತು ಬಿಟ್ಟದ್ದಿತ್ತು.

"ದೊಡ್ಡವರದು ತರಿಸಬೇಕಿಲ್ಲೇನ್ರಿ?"

"ಅದು ಕಹಿ ಇರ್ತದ," ಎಂದರು, ಇಷ್ಟೂ ತಿಳಿಯದೇ ಎನ್ನುವಂತೆ.

ಮುಂದಿನ ತಿಂಗಳು ಮಗಳಿಗೂ ಕೆಮ್ಮು ಬಂದಾಗ ಎಲ್ಲರೂ ಪ್ಯಾಸೆಂಜರ್ ಗಾಡಿ ಹತ್ತಿ ಶಹಾಬಾದಿನ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಎದೆ ನೋಡಿದರು, ಗಂಟಲು ನೋಡಿದರು.

"ಔಷಧ ಏನೂ ಬ್ಯಾಡ್ರಿ. ಬಿಸಿ ನೀರು ಕುಡಿಸ್ರಿ, ಜರಾ ಜೇನುತುಪ್ಪ ಕೊಡ್ರಿ. ಜ್ವರ ಬಂದ್ರ, ಉಸಿರಾಡ್ಲಿಕ್ಕೆ ತ್ರಾಸ ಆದ್ರ ತಡ ಮಾಡದೆ ಕರ್ಕೊಂಡ್ ಬರ್ರಿ."

ನಮ್ಮ ಮನೆಯವರು ಕುರ್ಚಿಯಿಂದ ಏಳಲಿಲ್ಲ. "ಹಂಗಂದ್ರ ಹ್ಯಾಂಗ್ರಿ ಸಾಹೇಬ್ರ? ವಾಡಿಯಿಂದ ಬಂದೀವಿ. ಒಂದು ಸಿರಪ್ ಆದ್ರೂ ಬರ್ದು ಕೊಡ್ರಿ."

ನಾನು ಅವರ ಮುಖ ನೋಡಿದೆ. ಅವರು ಗೋಡೆಯ ಮೇಲೆ ಬರೆದಿದ್ದ ಮೊಲವನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಹಿಂದೆ ನಿಂತಿದ್ದ ಅತ್ತೆಗೆ ಕೆಮ್ಮು ಒತ್ತರಿಸಿ ಬಂತು. ಡಾಕ್ಟರು ತಲೆಯೆತ್ತಿದರು. "ಆಯಿಗೆ ಎಷ್ಟು ದಿನದಿಂದ ಅದ?"

"ನಂದೇನ್ ಬಿಡ್ರಿ, ಕೂಸಿಂದು ನೋಡ್ರಿ."

"ಆಯಿ ನನ್ನ ಔಷಧ ಕುಡೀತಾಳ," ಎಂದಳು ಮಗಳು. ಅದುವರೆಗೆ ಡಾಕ್ಟರ ಮುಂದೆ ಬಾಯಿ ತೆರೆಯಲು ಅತ್ತಿದ್ದವಳು ಇದನ್ನು ಸ್ಪಷ್ಟವಾಗಿ ಹೇಳಿದಳು.

ಡಾಕ್ಟರು ನಗದಿರಲು ಬಹಳ ಕಷ್ಟಪಟ್ಟರು. ಬಿಪಿ ಗುಳಿಗಿ ತಗೋತೀರೇನು ಎಂದು ಕೇಳಿದರು. ಅತ್ತೆ ಚೀಲದಿಂದ ತೆಗೆದು ತೋರಿಸಿದರು.

"ಈ ಗುಳಿಗಿಯಿಂದ ಕೆಲವರಿಗೆ ಒಣ ಕೆಮ್ಮ ಬರ್ತದ. ನೀವಾಗೇ ಬಿಡಬ್ಯಾಡ್ರಿ ಮತ್ತ. ಕೊಟ್ಟ ಡಾಕ್ಟರಿಗೆ ಹೇಳಿ ಬ್ಯಾರೇದು ಕೇಳ್ರಿ. ಕೂಸಿನ ಔಷಧ ಕೂಸಿಗೇ ಇರ್ಲಿ."

ನಮ್ಮೂರಿನ ಡಾಕ್ಟರು ಗುಳಿಗೆ ಬದಲಿಸಿದರು. ಮಕ್ಕಳ ಡಾಕ್ಟರ್ ಹೇಳಿದರೆಂಬುದಕ್ಕೆ ಅವರ ಮುಖ ಸ್ವಲ್ಪ ಗಂಟಾಗಿತ್ತು, ಅಷ್ಟೆ. ಕೆಲವೇ ವಾರಗಳಲ್ಲಿ ಅತ್ತೆಯ ಕೆಮ್ಮು ನಿಂತಿತು. ಮಗಳದು ಅದಕ್ಕೂ ಮೊದಲೇ ತಾನಾಗಿ ಹೋಗಿತ್ತು. ತಾನು ಬಾಟಲಿ ಚೆಲ್ಲಿದ್ದರಿಂದಲೇ ಇಬ್ಬರಿಗೂ ಗುಣವಾಯಿತು ಎಂದು ನಮ್ಮ ಮನೆಯವರು ಕಾರ್ಖಾನೆಯಲ್ಲಿ ಹೇಳಿಕೊಂಡು ತಿರುಗಿದರು.

ಈಗ ಅತ್ತೆಗೆ ಮೊಣಕಾಲು ನೋವು. ಶಹಾಬಾದಿನ ಆ ಡಾಕ್ಟರಿಗೇ ತೋರಿಸಬೇಕೆಂದು ಹಟ ಹಿಡಿದು ನನ್ನನ್ನು ಕರೆದುಕೊಂಡು ಹೋದರು. ಚೀಟಿ ಬರೆಯುವವನು ನನ್ನ ಸೀರೆಯ ಹಿಂದೆ ಮುಂದೆ ಹುಡುಕಿ, "ಪೇಷಂಟ್ ಎಲ್ಲಿ ಅದ್ರಿ?" ಎಂದ.

"ನಾನೇ. ವಯಸ್ಸು ಅರವತ್ತೆಂಟು ಬರ್ಕೋ," ಎಂದು ಅತ್ತೆ ಹಾಲು ಕುಡಿಸುತ್ತಿದ್ದ ತಾಯಂದಿರ ನಡುವೆ ಜಾಗ ಮಾಡಿಕೊಂಡು ಕುಳಿತರು.

ಡಾಕ್ಟರು ಪಾಪ, ಕಾಲನ್ನು ಒತ್ತಿ ನೋಡಿ ಎಲುಬಿನ ಡಾಕ್ಟರ ಹತ್ತಿರ ಹೋಗಲು ಹೇಳಿದರು. ಅತ್ತೆ ಇನ್ನೂ ಹೋಗಿಲ್ಲ. ಎಲುಬಿನ ಡಾಕ್ಟರು ಮಕ್ಕಳನ್ನು ನೋಡುವುದಿಲ್ಲವಲ್ಲ, ಅದಕ್ಕೇ ಭರವಸೆ ಬರುತ್ತಿಲ್ಲವಂತೆ.