ಗ್ಯಾಸ್ಟ್ರಿಕ್ ಅಂದರೆ ಎದೆಯೋ ಹೊಟ್ಟೆಯೋ

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡುವ ಹೊತ್ತಿಗೆ ಮೀಸೆ ಬಂದು ಎಷ್ಟೋ ವರ್ಷವಾಗಿತ್ತು. ಅದಕ್ಕೂ ಮೊದಲಿನಿಂದಲೇ ತಿಪಟೂರಿನ ಮೈದಾನದಲ್ಲಿ ಮಕ್ಕಳಿಗೆ ಖೋ ಖೋ ಹೇಳಿಕೊಡುತ್ತಿದ್ದೆ. ಆಮೇಲೆ ಒಂದು ಸೇವಾ ಸಂಸ್ಥೆಯವರ ಜೊತೆ ಸೇರಿ ಹಳ್ಳಿಗಳಲ್ಲಿ ಬಿಪಿ, ಶುಗರ್, ಹೃದಯದ ಕಾಯಿಲೆಗಳ ಬಗ್ಗೆ ಮಾತಾಡುವುದನ್ನು ಕಲಿತೆ. ಎರಡು ಸಾವಿರದ ಹದಿನೈದರ ಆಸುಪಾಸಿನಲ್ಲಿ ಆ ಸಂಸ್ಥೆಯವರು ನನ್ನನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರು. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಈ ಮೂರು ಕಡೆ ಕನ್ನಡದ ಮನೆಗಳ ಮಕ್ಕಳಿಗೆ ಖೋ ಖೋ ಕಲಿಸಬೇಕು, ಮಗನದೋ ಮಗಳದೋ ಮನೆಗೆ ಬಂದು ಉಳಿದಿರುವ ಅಜ್ಜ ಅಜ್ಜಿಯರಿಗೆ ಆರೋಗ್ಯದ ಮಾತು ಹೇಳಬೇಕು. ಸಂಬಳವಿಲ್ಲದ ಕೆಲಸ. ಇಂಗ್ಲಿಷ್ ಬರದವನನ್ನು ಯಾಕೆ ಕಳಿಸುತ್ತೀರಿ ಎಂದು ಕೇಳಿದ್ದಕ್ಕೆ, ಇಂಗ್ಲಿಷಿನಲ್ಲಿ ಹೇಳಿದರೆ ಆ ಹಿರಿಯರು ಕೇಳುವುದಿಲ್ಲ ಎಂದರು. ಹೊರಟೆ.

ಮೊದಲು ಇಳಿದದ್ದು ಪರ್ತ್‌ನ ಥಾರ್ನ್ಲಿಯಲ್ಲಿ. ಅಲ್ಲಿ ನನ್ನನ್ನು ಮೊದಲು ಗೊಂದಲಕ್ಕೆ ಹಾಕಿದ್ದು ಸೂರ್ಯ. ಹಿರಿಯರು ಕೂತು ಆಟ ನೋಡಲಿ ಎಂದು ಬೆಳಿಗ್ಗೆಯೇ ಮರದ ಉತ್ತರಕ್ಕೆ ಕುರ್ಚಿ ಹಾಕಿಸಿದ್ದೆ. ನಮ್ಮೂರಿನಲ್ಲಿ ಆ ಕಾಲಕ್ಕೆ ಮಧ್ಯಾಹ್ನದ ನೆರಳು ಬೀಳುವುದು ಅಲ್ಲೇ. ಇಲ್ಲಿ ಹೊತ್ತೇರಿದಂತೆ ಎಲ್ಲರ ತಲೆಯ ಮೇಲೂ ಬಿಸಿಲು. ನೆರಳು ಮರದ ಆಚೆ ಬದಿಗೆ ಹೋಗಿ ಕೂತಿತ್ತು. ಈ ದೇಶದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದು ಹೋಗುತ್ತಾನೆ ಎಂದು ಒಬ್ಬರು ತಿಳಿಸಿ ಹೇಳಿದರು. ತಲೆ ಆಡಿಸಿದೆ, ಆದರೆ ನನ್ನ ಕಾಲುಗಳು ಅದನ್ನು ನಂಬಲಿಲ್ಲ. ಸಾಯಂಕಾಲ ಮನೆಗೆ ಹೋಗುವಾಗ ತಪ್ಪು ದಿಕ್ಕಿಗೇ ಹೊರಟೆ.

ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಓಡುತ್ತಿದ್ದವನು ಕೂತವನ ಬೆನ್ನು ಮುಟ್ಟಿ 'ಖೋ' ಎಂದರೆ ಆ ಒಬ್ಬನೇ ಏಳಬೇಕು. ಇವರ ಕಿವಿಗೆ ಅದು 'ಗೋ' ಎಂದು ಬಿದ್ದು ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಎದ್ದು ಓಡಿದರು. ನಾನು ಸೀಟಿ ಊದುತ್ತಾ ನಿಂತೆ. ಪದ ಅದೇ, ಸದ್ದೂ ಹೆಚ್ಚುಕಡಿಮೆ ಅದೇ, ಆದರೆ ಅವರು ಬೇರೆ ಆಟ ಆಡುತ್ತಿದ್ದರು.

ಆಮೇಲೆ ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್‌ಗೆ ಹೋದೆ. ಮೈಸೂರಿನ ಎಂಜಿನಿಯರ್ ದಂಪತಿಯ ಮನೆಯಲ್ಲಿ ಇಳಿದುಕೊಂಡೆ. ಮನೆಯೊಡತಿಯ ತಂದೆ ರಿಟೈರ್ ಆದ ಬಸ್ ಕಂಡಕ್ಟರ್, ಮಗಳ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಎಲ್ಲರಿಗೂ ಅವರು ಅಂಕಲ್, ನನಗೆ ಸಾರ್. ನನ್ನನ್ನು ಅವರು ಮೇಷ್ಟ್ರೇ ಎನ್ನುತ್ತಿದ್ದರು. ಸೀಟಿ ಊದುವುದು ತಮಗೆ ಸರ್ವಿಸಿನಿಂದಲೇ ಬಂದ ವಿದ್ಯೆ ಎಂದು ಹೇಳಿ ಆಟಕ್ಕೆ ಅಂಪೈರ್ ಆದರು. ಎಷ್ಟೋ ಸಲ ಆಟ ನಿಲ್ಲಿಸುವ ಸೀಟಿಯೂ ಹೊರಡಿಸುವ ಸೀಟಿಯೂ ಒಂದೇ ತರಹ ಇರುತ್ತಿತ್ತು.

ನನ್ನ ಭಾಷಣಕ್ಕೂ ಅವರೇ ಮುಂದಿನ ಸಾಲು. ಎದೆ ಭಾರವಾದರೆ, ಬೆವರು ಕಿತ್ತುಕೊಂಡು ಬಂದರೆ, ಎಡಗೈ ಜೋಮು ಹಿಡಿದರೆ ಗ್ಯಾಸ್ ಎಂದು ಸುಮ್ಮನಿರಬೇಡಿ, ತಕ್ಷಣ ಆಂಬ್ಯುಲೆನ್ಸ್ ಕರೆಸಿ. ಇದು ನಾನು ಎಲ್ಲ ಕಡೆ ಹೇಳುವ ಮಾತು. ಅವರಿಗೆ ಬಾಯಿಪಾಠವಾಗಿ, ಪಾರ್ಕಿನಲ್ಲಿ ಸಿಕ್ಕ ಬೇರೆ ಅಜ್ಜಂದಿರಿಗೆ ತಾವೇ ಹೇಳುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಮೈದಾನದಲ್ಲಿ ಸೀಟಿ ಕೇಳಿಸದೇ ಹೋಯಿತು. ತಿರುಗಿ ನೋಡಿದರೆ ಸಾರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಎದೆ ನೀವಿಕೊಳ್ಳುತ್ತಿದ್ದರು. ಮಗಳು ಅಳಿಯ ಬ್ರಿಸ್ಬೇನ್‌ಗೆ ಹೋಗಿದ್ದರು. ಹತ್ತಿರ ಇದ್ದವಳು ಹೈಸ್ಕೂಲು ಓದುವ ಮೊಮ್ಮಗಳು ಮಾತ್ರ.

"ಏನಿಲ್ಲ ಮೇಷ್ಟ್ರೇ, ಗ್ಯಾಸ್ಟ್ರಿಕ್ಕು. ಬೆಳಿಗ್ಗೆ ಉದ್ದಿನ್ವಡೆ ಜಾಸ್ತಿ ತಿಂದ್ಬಿಟ್ಟೆ. ಒಂದ್ಲೋಟ ಸೋಡಾ ಬಿದ್ರೆ ಇಳ್ದೋಗತ್ತೆ, ನೀವು ಆಟ ನಡ್ಸಿ" ಎಂದರು.

ಮೊಮ್ಮಗಳು ಸೋಡಾ ತರಲು ಎದುರಿನ ಸರ್ವೋ ಕಡೆಗೆ, ಎಂದರೆ ಪೆಟ್ರೋಲ್ ಬಂಕಿನ ಅಂಗಡಿಗೆ ಹೊರಟಳು. ಪಕ್ಕದ ಮೈದಾನದಲ್ಲಿ ಮಗನ ಫುಟ್‌ಬಾಲ್ ನೋಡಲು ಬಂದಿದ್ದ ಹೆಂಗಸೊಬ್ಬರು ಅವಳನ್ನು ತಡೆದು, ಅಜ್ಜನಿಗೆ ಏನಾಗಿದೆ ಎಂದು ಕೇಳಿದರು. ಆಕೆ ನರ್ಸ್. ಹುಡುಗಿ, "ಹಿ ಹ್ಯಾಸ್ ಗ್ಯಾಸ್ಟ್ರೋ" ಎಂದು ಹೇಳಿ ಅಂಗಡಿಗೆ ಓಡಿದಳು.

ಆಮೇಲೆ ನಡೆದದ್ದು ನನಗೆ ಒಂದೂ ತಿಳಿಯಲಿಲ್ಲ. ಆಕೆ ಮಕ್ಕಳನ್ನೆಲ್ಲ ದೂರ ಹೋಗಿ ಎಂದು ಕೈಬೀಸಿ ಸರಿಸಿದರು. ಸಾರ್ ಕುರ್ಚಿಯಿಂದ ದೂರದಲ್ಲೇ ನಿಂತು, ನನ್ನನ್ನು ಹತ್ತಿರ ಕರೆದು ಏನೇನೋ ಹೇಳಿದರು. ಕೈಚೀಲದಿಂದ ಪುಟ್ಟ ಬಾಟಲಿ ತೆಗೆದು ನನ್ನ ಅಂಗೈಗೆ ತಣ್ಣನೆಯ ಔಷಧಿ ಹಿಂಡಿ, ಉಜ್ಜಿಕೋ ಎಂದು ಸನ್ನೆ ಮಾಡಿದರು. ಉಜ್ಜಿಕೊಂಡೆ. ಮನುಷ್ಯನಿಗೆ ಎದೆ ನೋಯುತ್ತಿದೆ, ಇವರು ನನ್ನ ಕೈ ತೊಳೆಸುತ್ತಿದ್ದಾರೆ. ಇಷ್ಟು ಸಮಾಧಾನವಾಗಿ ಹೇಳುತ್ತಿರುವ ನರ್ಸಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರುತ್ತದೆಯೇ ಎಂದುಕೊಂಡು ಅಂಗೈ ಉಜ್ಜುತ್ತಲೇ ಇದ್ದೆ.

ಸಾರ್ ಮುಖ ನೋಡಿದೆ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಮತ್ತೆ ಬಿಸಿಲಿಗೆ ಕುರ್ಚಿ ಹಾಕಿಬಿಟ್ಟೆನೇನೋ ಎಂದು ಕೆಳಗೆ ನೋಡಿದರೆ, ಇಲ್ಲ, ಈ ಸಲ ಸರಿಯಾಗಿ ಮರದ ದಕ್ಷಿಣಕ್ಕೇ ಹಾಕಿದ್ದೆ. ಪೂರ್ತಿ ನೆರಳು. ಗಾಳಿಯೂ ಇತ್ತು. ನೆರಳಲ್ಲಿ ಕೂತವರಿಗೆ ಇಷ್ಟು ಬೆವರು ಯಾಕೆ? ಎಡಗೈಯನ್ನು ಅವರು ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದರು.

"ಸಾರ್, ನಾನ್ ಭಾಷಣದಲ್ಲಿ ಹೇಳಿದ್ದು ನೆನಪೈತಾ?"

"ನೆನಪಿದೆ ಕಣ್ರೀ. ಅದು ಹಾರ್ಟ್ ಪ್ರಾಬ್ಲಮ್ ಇರೋರಿಗೆ. ನಂದು ಗ್ಯಾಸ್ಟ್ರಿಕ್ಕು."

ಮೊಮ್ಮಗಳು ಅಂಗಡಿಯಿಂದ ಇನ್ನೂ ಬಂದಿರಲಿಲ್ಲ, ಬೇರೆ ಮಕ್ಕಳು ದೂರದಲ್ಲಿದ್ದರು. ನನ್ನ ಹತ್ತಿರ ಇದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿಕೊಂಡು ನರ್ಸಿನ ಹತ್ತಿರ ಹೋದೆ. "ಮೇಡಂ, ನಾಟ್ ಸ್ಟಮಕ್" ಎಂದೆ. ಮುಂದೆ ಪದ ಸಿಗಲಿಲ್ಲ. ಮುಷ್ಟಿ ಕಟ್ಟಿ ನನ್ನ ಎದೆಯ ಮೇಲೆ ಒತ್ತಿದೆ, ಅಲ್ಲಿಂದ ಎಡಗೈ ಉದ್ದಕ್ಕೂ ಬೆರಳು ಎಳೆದೆ, ಹಣೆ ಒರೆಸಿ ತೋರಿಸಿದೆ. ಆಕೆಯ ಮುಖದ ಬಣ್ಣ ಬದಲಾಯಿತು. ಕಿವಿಗೆ ಫೋನು ಇಟ್ಟುಕೊಂಡೇ ಸಾರ್ ಕಡೆಗೆ ಓಡಿದರು.

ಆಂಬ್ಯುಲೆನ್ಸಿಗೆ ಹತ್ತಿಸುವಾಗಲೂ ಸಾರ್ ನನ್ನನ್ನು ಬೈಯುತ್ತಿದ್ದರು. ಒಂದು ಸೋಡಾಕ್ಕೆ ಹೋಗುವುದನ್ನು ಇಷ್ಟು ದೊಡ್ಡದು ಮಾಡಿದಿರಿ, ಮಗಳಿಗೆ ಏನು ಹೇಳಲಿ ಎಂದು. ಬಾಗಿಲು ಹಾಕಿದ ಮೇಲೆ ಬೈಗುಳ ಕೇಳಿಸಲಿಲ್ಲ. ಅದು ಕೇಳಿಸುತ್ತಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಮಗಳು ಅಳಿಯ ನೇರ ಆಸ್ಪತ್ರೆಗೆ ಹೋದರು. ನಾನೂ ಮೊಮ್ಮಗಳೂ ಮನೆಯಲ್ಲಿ ಫೋನಿಗೆ ಕಾದೆವು. ಅವಳು ಇಂಗ್ಲಿಷ್ ಬೆರೆಸಿ ಬಿಡಿಸಿ ಹೇಳಿದಳು. ಇಲ್ಲಿ ಗ್ಯಾಸ್ಟ್ರೋ ಅಂದರೆ ವಾಂತಿ ಭೇದಿ, ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದು, ಸ್ಕೂಲಿನಲ್ಲಿ ಯಾರಿಗಾದರೂ ಬಂದರೆ ಮನೆಗೆ ಕಳಿಸುತ್ತಾರೆ. ತಾತ ಗ್ಯಾಸ್ಟ್ರಿಕ್ ಅಂದದ್ದು ಅದೇ ಎಂದುಕೊಂಡಿದ್ದಳು. ಆಮೇಲೆ ಕನ್ನಡದಲ್ಲೇ ಕೇಳಿದಳು:

"ಅಂಕಲ್, ಗ್ಯಾಸ್ಟ್ರಿಕ್ ಅಂದ್ರೆ ಹಾರ್ಟಾ?"

ನಮ್ಮ ಕಡೆ ಎದೆ ಉರಿದರೂ, ಹೊಟ್ಟೆ ಉಬ್ಬಿದರೂ, ಬೆನ್ನು ಹಿಡಿದರೂ ಅದೇ ಪದ. ಅದನ್ನು ಅವಳಿಗೆ ಹೇಗೆ ಹೇಳುವುದು? ನೀರು ಬೇಕಾ ಎಂದು ಕೇಳಿದೆ. ಅಷ್ಟರಲ್ಲಿ ಫೋನು ಬಂತು. ರಕ್ತನಾಳ ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕಿದ್ದಾರೆ, ಉಳಿದರು.

ನಾನು ಅಡಿಲೇಡ್‌ಗೆ ಹೊರಡುವಷ್ಟರಲ್ಲಿ ಸಾರ್ ಆಸ್ಪತ್ರೆಯಿಂದ ಮನೆಗೆ ಬಂದಿರಲಿಲ್ಲ. ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ ಭಾಷಣ ಇದ್ದ ದಿನ ಬೆಳಿಗ್ಗೆ ಅವರೇ ಫೋನು ಮಾಡಿದರು. ದನಿ ಗಟ್ಟಿಯಾಗಿತ್ತು.

"ಏನೇ ಹೇಳಿ ಮೇಷ್ಟ್ರೇ, ಈ ಸ್ಟೆಂಟ್ ಹಾಕಿದ್ಮೇಲೆ ನನ್ನ ಗ್ಯಾಸ್ಟ್ರಿಕ್ ಪೂರ್ತಿ ಹೊರಟೋಯ್ತು."

ತಮಾಷೆಗೆ ಹೇಳಿದರೋ ನಿಜಕ್ಕೂ ಹಾಗೇ ನಂಬಿದ್ದರೋ ಗೊತ್ತಾಗಲಿಲ್ಲ. ನಗಬೇಕೋ ಬೇಡವೋ ತಿಳಿಯದೆ, ಹುಷಾರು ಸಾರ್ ಎಂದೆ.

ಸಾಯಂಕಾಲ ಹಾಲ್ ತುಂಬ ಹಿರಿಯರು ಕೂತಿದ್ದರು. ಬಾಯಿಪಾಠ ಮಾಡಿದ ಮಾತು ನಾಲಿಗೆಗೆ ಬಂತು, ಹೊರಗೆ ಬರಲಿಲ್ಲ. ಆ ಮಾತನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದವರೇ ಸೋಡಾ ಕೇಳಿದ್ದರಲ್ಲ. ಅದರ ಬದಲು, ಇಲ್ಲಿ ಎಷ್ಟು ಜನಕ್ಕೆ ಗ್ಯಾಸ್ಟ್ರಿಕ್ ಇದೆ, ಕೈ ಎತ್ತಿ ಎಂದೆ. ನಗುತ್ತಾ ನಗುತ್ತಾ ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು.

ಮುಂದೆ ಏನು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ಮೈದಾನದ ಅಭ್ಯಾಸ ಬಾಯಿಗೆ ಬಂತು. ಎತ್ತಿದ ಕೈ ಹಾಗೇ ಇರಲಿ, ಈಗ ಅದು ಎಲ್ಲಿ ಆಗುತ್ತದೋ ಅಲ್ಲಿಗೆ ಇಟ್ಟುಕೊಳ್ಳಿ ಎಂದೆ. ಕೆಲವರ ಕೈ ಹೊಟ್ಟೆಗೆ ಹೋಯಿತು. ತುಂಬ ಜನರದು ಎದೆಗೆ ಹೋಯಿತು. ನಗು ನಿಂತಿತು. ಮೂಲೆಯಲ್ಲಿದ್ದ ಒಬ್ಬ ಅಜ್ಜಿಯ ಕೈ ಹೊಟ್ಟೆಯಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಆಡುತ್ತಿತ್ತು, ಎಲ್ಲಿ ಇಡಬೇಕು ಎಂದು ಅವರು ನನ್ನನ್ನೇ ನೋಡುತ್ತಿದ್ದರು.